ನಮ್ಮವರು ಮೈ ಹಿಡಿದ ದಿನಗಳು

ಬಬಲೇಶ್ವರದ ನಾದಿನಿ ದುಂಡವ್ವ ಅವತ್ತು ನಮ್ಮವರನ್ನು ತನ್ನ ಮನೆಗೆ ಕರೆಸಿ ಆಯೇರಿ ಮಾಡಿದಳು. ಅಣ್ಣ ಕ್ಯಾನ್ಸರ್ ಗೆದ್ದು ಬಂದನೆಂದು ಹೊಸ ಧೋತರ ಉಡಿಸಿ, ತಲೆಗೆ ಪಟಗ ಸುತ್ತಿಸಿ ಮಣೆಯ ಮೇಲೆ ಕೂಡಿಸಿದಳು.

"ಎಷ್ಟ ಮೈ ಹಿಡದೀಯೋ ಯಣ್ಣಾ!" ನನ್ನ ಕಡೆ ತಿರುಗಿದಳು. "ವೈನೀ, ಜ್ವಾಕಿ. ಇನ್ನೊಂದ ಲಗ್ನ ಆದಾನು!"

ಎಲ್ಲರೂ ನಕ್ಕರು. ಅವರೂ ನಕ್ಕರು. ನಗುವಾಗ ಏದುಸಿರು ಬಂತು. ನಾನು ಅವರ ಪಾದ ನೋಡಿದೆ. ಬಾತಿದ್ದವು.

ನಮ್ಮವರು ತಿಕೋಟಿಯಲ್ಲಿ ಕುರಿ ಕಾಯ್ದು ಬದುಕಿದವರು. ಕನಮಡಿಯ ತನಕ ಕುರಿ ಹೊಡೆದುಕೊಂಡು ಹೋಗುತ್ತಿದ್ದರು. ಮಾತು ಕಡಿಮೆ. ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಎಪ್ಪತ್ತೆಂಟನೇ ಇಸವಿಯಲ್ಲಿ ಕುತ್ತಿಗೆಗೆ ಗಂಟು ಎದ್ದಿತು. ಮಿರಜಿಗೆ ಹೋದೆವು. ಅಲ್ಲಿ ಕೆಂಪು ಇಂಜೆಕ್ಷನ್ ಶುರು ಮಾಡಿದರು.

ಡಾಕ್ಟರರು ನಮ್ಮಿಬ್ಬರನ್ನೂ ಕೂಡಿಸಿ ಹೇಳಿದ್ದರು: "ಈ ಔಷಧ ಗಂಟು ಕರಗಸ್ತದ. ಆದ್ರ ಹೃದಯಾನೂ ಸೋಲಸಬಹುದು. ಉಪ್ಪು ಕಮ್ಮಿ ಮಾಡ್ರಿ. ಭಾರ ಎತ್ತಬ್ಯಾಡ್ರಿ. ಕಾಲು ಬಾತರ, ಏದುಸಿರು ಬಂದರ ಒಂದಿನಾನೂ ಕಾಯಬ್ಯಾಡ್ರಿ. ಇಂಜೆಕ್ಷನ್ ಮುಗದ ಮ್ಯಾಲೂ ಅಷ್ಟ."

ಅವರ ಪಲ್ಯ ಬೇರೆ ಬೇಯಿಸಿದೆ. ಪ್ರತಿ ಇಂಜೆಕ್ಷನ್ನಿಗೆ ಮೊದಲು ವಿಜಾಪುರದಲ್ಲಿ ಎದೆಗೆ ವೈರು ಹಚ್ಚಿಸಿ ತೋರಿಸಿದೆವು. ಗಂಟು ಕರಗಿತು. ಆಮೇಲೆ ಅವರ ಮುಖ ತುಂಬಿಕೊಂಡಿತು. ಸೊರಗಿದ ಮನುಷ್ಯ ಮೈ ಹಿಡಿದನೆಂದು ಊರೇ ಹಿಗ್ಗಿತು. ನಾನೂ ಹಿಗ್ಗಿದೆ.

ಮಣೆಯ ಹತ್ತಿರ ಕೂತು ಅವರ ಪಾದ ಒತ್ತಿದೆ. ಬೆರಳಿನ ತಗ್ಗು ಹಾಗೇ ಉಳಿಯಿತು. ಅವರು ಮೈ ಹಿಡಿದದ್ದಲ್ಲ, ಅದು ಬಾವು.

"ಏಳ್ರಿ. ಈಗಿಂದೀಗ ವಿಜಾಪುರಕ್ಕ ಹೋಗೂನು."

ದುಂಡವ್ವ ಸಿಟ್ಟಾದಳು. "ಆಯೇರಿ ಉಟ್ಟಾಂವ ದವಾಖಾನಿ ಮೆಟ್ಲ ಹತ್ತತಾನೇನ ವೈನೀ? ಮೊದಲ ಮನಿ ದೇವರಿಗೆ ಹಣಿ ಹಚ್ಚಲಿ."

"ಡಾಕ್ಟರ್ ಹೇಳಿದ್ದು ಮರತ್ರೇನ?" ಎಂದು ಅವರನ್ನೇ ಕೇಳಿದೆ.

ಅವರು ತಂಗಿಯ ಮುಖ ನೋಡಿದರು. "ಆಕೀ ಮನಸ್ಸ ಯಾಕ ಮುರೀತಿ? ನಾಳೆ ದೇವರಿಗೆ ಕೈ ಮುಗದು ಮೊದಲ ಬಸ್ಸಿಗೆ ಹೋಗೂನು."

"ನಾಳೆ ಬ್ಯಾಡ್ರಿ" ಎಂದೆ. ಹೆಂಗಸರು ಆರತಿ ಎತ್ತಿ ಹಾಡು ಶುರು ಮಾಡಿದರು. ಅಷ್ಟು ಜನರಲ್ಲಿ ನನ್ನ ಕಡೆ ಒಬ್ಬರೂ ಇರಲಿಲ್ಲ.

ಸಂಜೆ ತಿಕೋಟಿಗೆ ಮರಳಿದೆವು. ಮರುದಿನ ಬೆಳಗ್ಗೆ ಮನೆಯಲ್ಲಿ ದೇವರಿಗೆ ಕೈ ಮುಗಿದರು. ಹೊಸ್ತಿಲು ದಾಟಿದವರು ಕಟ್ಟೆಯ ಮೇಲೆ ಕೂತುಬಿಟ್ಟರು.

"ಸ್ವಲ್ಪ ತಡಿ. ಉಸರ ಸಿಗವಲ್ತು."

ಅವರ ಕಡೆಯ ಮಾತು ಅದೇ.

ಮೈ ತೊಳೆಯುವಾಗ ಕುತ್ತಿಗೆ ಮುಟ್ಟಿ ನೋಡಿದೆ. ಗಂಟು ಇರಲಿಲ್ಲ.

"ಊರ ಕಣ್ಣ ತಿಂತು ನನ್ನ ಮಗನ್ನ" ಎಂದು ಅತ್ತೆ ಹುಚ್ಚವ್ವ ಎದೆ ಬಡಿದುಕೊಂಡಳು.

"ಕಣ್ಣಲ್ಲತ್ತಿ. ಹೃದಯ ಸೋತೈತಿ."

"ಸುಮ್ಕಿರ ಬೇ. ಸತ್ತ ಮನ್ಯಾಗ ಡಾಕ್ಟರಕಿ ಮಾಡಬ್ಯಾಡ."

ಮನೆಯಲ್ಲಿ ಈಗಲೂ ಜನ ಇದ್ದಾರೆ. ದೃಷ್ಟಿಯ ಮಾತು ಎಲ್ಲರೂ ಆಡುತ್ತಾರೆ. ಅವರ ಪಾದದ ಮಾತು ಆಡಲು ನನಗೆ ಯಾರೂ ಇಲ್ಲ.

ಬೆಳಗಾದರೆ ಕುರಿದೊಡ್ಡಿಯ ಬಾಗಿಲಿಗಿಟ್ಟ ಮುಳ್ಳುಪಡಕು ಸರಿಸುತ್ತೇನೆ. ಕುಂಟುವ ಕುರಿ ಕಂಡರೆ ಹಿಡಿದು ಮಲಗಿಸುತ್ತೇನೆ. ಗೊರಸಿನ ಸಂದಿಯ ಮುಳ್ಳು ಕಿತ್ತು ಬಿಡುತ್ತೇನೆ. ಅದು ಎದ್ದು ಹೋಗುತ್ತದೆ.