ಮಂಜಿನದೋ, ಮಿದುಳಿನದೋ

ಹೋದ ವಾರ ಮಸಿನಗುಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಊಟಿಯಿಂದ ಕಲ್ಲಟ್ಟಿ ಘಾಟ್ ಇಳಿದು ಬಂದ ಕಾರೊಂದು ಎದುರಿಗೇ ನಿಂತಿತು. ಚಕ್ರಗಳಿಂದ ಬ್ರೇಕ್ ಸುಟ್ಟ ವಾಸನೆ. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಹೀಗಾಗುತ್ತದೆ. "ಹತ್ತೋ ಗೇರಲ್ಲೇ ಇಳೀಬೇಕು ಕಣಮ್ಮ" ಎಂದು ಪಕ್ಕದ ಮನೆಯ ಅಣ್ಣ ಹೇಳುತ್ತಿದ್ದರು. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ...

ಊಟಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅವರು ಊಟಿ–ಮಸಿನಗುಡಿ ಬಸ್ಸಿನ ಡ್ರೈವರ್. ನಾನು ಮಸಿನಗುಡಿಯಲ್ಲಿ ಹೊಲಿಗೆ ಕಲಿಸುತ್ತಿದ್ದೆ, ದಿನವೂ ಅವರ ಬಸ್ಸಿನಲ್ಲೇ ಹೋಗಿಬರುತ್ತಿದ್ದೆ. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಇಬ್ಬರೂ ಗುಂಡ್ಲುಪೇಟೆ ಕಡೆಯವರು.

ಒಂದು ಮಳೆಗಾಲದಲ್ಲಿ ಅಣ್ಣನ ಮಾತು ನಿಂತಿತು. ಬೆಳಿಗ್ಗೆ ಕಾಲುಚೀಲ ಕೈಯಲ್ಲಿ ಹಿಡಿದು ಮಂಚದ ಮೇಲೆ ಕೂತರೆ ಕೂತೇ ಇರುತ್ತಿದ್ದರಂತೆ. ಕಂಡಕ್ಟರ್ ಬಂದು ಕೂಗಬೇಕಿತ್ತು. ಜ್ವರವಿಲ್ಲ, ನೋವಿಲ್ಲ. ಸುಸ್ತು ಎಂದಷ್ಟೇ ಹೇಳುತ್ತಿದ್ದರು.

ಒಂದು ದಿನ ಘಾಟಿನ ತಿರುವಿನಲ್ಲಿ ಅವರು ಹಾರ್ನ್ ಹೊಡೆಯಲಿಲ್ಲ. ಎದುರಿಂದ ಜೀಪು ಬಂತು. ಜೀಪಿನವನು ಹೇಗೋ ಪಕ್ಕಕ್ಕೆ ಎಳೆದುಕೊಂಡ, ಯಾರಿಗೂ ಏನೂ ಆಗಲಿಲ್ಲ. ಅಣ್ಣ ಸ್ವಲ್ಪ ಮುಂದೆ ಬಸ್ಸು ನಿಲ್ಲಿಸಿ ಕೆಳಗಿಳಿದರು. ನೀರಿನ ಬಾಟಲಿ ಹಿಡಿದು ನಾನೂ ಇಳಿದೆ.

"ಹಾರ್ನ್ ಹೊಡೀಬೇಕು ಅಂತ ಗೊತ್ತಿತ್ತು. ಬರೋದು ಬರಲಿ ಅನ್ನಿಸ್ತು" ಎಂದರು. ಆಮೇಲೆ ಬಸ್ಸಿನ ಕಿಟಕಿಗಳ ಕಡೆ ನೋಡಿದರು. "ಇಷ್ಟು ಜನ ಕೂತಿದ್ದಾರಲ್ಲಮ್ಮ..."

ಆ ವಾರವೇ ಅವರು ಡಾಕ್ಟರ ಹತ್ತಿರ ಹೋದರು. ಇದು ಖಿನ್ನತೆ, ಮಿದುಳಿನ ರಾಸಾಯನಿಕಗಳ ಏರುಪೇರೂ ಇದರಲ್ಲಿ ಇರುತ್ತದೆ ಎಂದು ಡಾಕ್ಟರ್ ಹೇಳಿ ಮಾತ್ರೆ ಬರೆದುಕೊಟ್ಟರು. ತಾನು ಹೇಳುವವರೆಗೆ ಸ್ಟಿಯರಿಂಗ್ ಮುಟ್ಟಬಾರದು ಎಂದರು. ಅತ್ತಿಗೆ ಒಪ್ಪಲಿಲ್ಲ.

"ರಾಸಾಯನಿಕವಂತೆ! ಕ್ಯಾರೆಟ್ ಹೊಲಕ್ಕೆ ಹೊಡೆಯೋದಾ ಅದು? ಬಿಸಿಲಲ್ಲಿ ಬೆಳೆದ ಮೈ ರೀ ನಿಮ್ದು. ಈ ಊರಿನ ಮಂಜು ಹಿಡಿದಿದೆ, ಅಷ್ಟೇ."

"ಕಂಡಕ್ಟರ್‌ಗೂ ಇದೇ ಮಂಜು ತಾನೇ? ಅವನು ಸಿಳ್ಳೆ ಹಾಕ್ಕೊಂಡು ತಿರುಗ್ತಾನಲ್ಲ."

"ಅವನು ಇಲ್ಲೇ ಹುಟ್ಟಿದವನು. ಮಂಜಿಗೇ ಅವನನ್ನು ಕಂಡ್ರೆ ಬೇಜಾರು."

ಎಷ್ಟೋ ದಿನಗಳ ಮೇಲೆ ಅಣ್ಣ ನಕ್ಕಿದ್ದು ಗೋಡೆಯಾಚೆಗೂ ಕೇಳಿಸಿತು. ಅವತ್ತು ಅತ್ತಿಗೆಯೇ ಗೆದ್ದರು. ಮಾತ್ರೆಯ ಪೊಟ್ಟಣ ಒಡೆಯಲಿಲ್ಲ. ಅಣ್ಣ ರಜೆ ಹಾಕಿದರು. ಘಾಟಿನ ಕೆಳಗೆ, ಮೋಯಾರ್ ಹತ್ತಿರ ಅತ್ತಿಗೆಯ ತಮ್ಮನ ಹೊಲದಲ್ಲಿ ಇಬ್ಬರೂ ಇರುವುದೆಂದಾಯಿತು. ಅಲ್ಲಿ ಊಟಿಯ ಮಳೆಯಿಲ್ಲ, ಮಂಜಿಲ್ಲ, ಬರೀ ಬಿಸಿಲು.

ಮೊದಲು ಚೆನ್ನಾಗಿಯೇ ಇತ್ತು. ರಾಗಿಮುದ್ದೆ ಕೇಳಿ ಹಾಕಿಸಿಕೊಂಡು ಉಣ್ಣುತ್ತಿದ್ದಾರೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಕೆಲವು ವಾರ ಕಳೆದು ನಾನು ನೋಡಲು ಹೋದಾಗ ನಡುಮಧ್ಯಾಹ್ನ. ಆಕಾಶದಲ್ಲಿ ಒಂದು ಮೋಡವಿಲ್ಲ. ಅಣ್ಣ ಅಂಗಳದ ಕಲ್ಲಿನ ಮೇಲೆ ಕೂತಿದ್ದರು, ಅಂಗಿ ಬೆವರಿಗೆ ಒದ್ದೆ. ನೆರಳು ಕೈಯಳತೆಯಲ್ಲಿತ್ತು. ಅಲ್ಲಿಗೆ ಸರಿಯಬೇಕೆಂದೂ ಅವರಿಗೆ ಅನ್ನಿಸಿರಲಿಲ್ಲ.

"ಬಂದ್ಬಿಡ್ತು ಕಣಮ್ಮ" ಎಂದರು, ತಲೆ ಎತ್ತದೆ. "ಟಿಕೆಟ್ ಇಲ್ಲದೆ ನಮ್ಮ ಜೊತೇಲೇ ಘಾಟ್ ಇಳ್ಕೊಂಡು ಬಂದಿದೆ."

ಅತ್ತಿಗೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಮಾರನೆಯ ಬೆಳಿಗ್ಗೆ ಗಂಡನನ್ನು ಬಸ್ಸಿನ ಪ್ರಯಾಣಿಕರ ಸೀಟಿನಲ್ಲಿ ಕೂರಿಸಿಕೊಂಡು ಊಟಿಗೆ ಹತ್ತಿದರು, ನೇರ ಡಾಕ್ಟರ ಹತ್ತಿರ.

ಮಾತ್ರೆ ಶುರುವಾಯಿತು. ಅಣ್ಣ ತಾವೇ ಡಿಪೋಗೆ ಹೋಗಿ, ತಮಗೆ ಹೀಗೊಂದು ಕಾಯಿಲೆ, ಸದ್ಯ ಬಸ್ಸು ಕೊಡಬೇಡಿ ಎಂದು ಹೇಳಿಕೊಂಡರು. ಬಸ್ ನಿಲ್ದಾಣದಲ್ಲೇ ಬಸ್ಸುಗಳನ್ನು ಹೊರಡಿಸುವ ಕೆಲಸ ಸಿಕ್ಕಿತು. ಘಾಟಿನ ಡ್ರೈವರ್ ಎಂದರೆ ಬಸ್ಸಿನವರ ನಡುವೆ ಒಂದು ಗತ್ತು. ಅದನ್ನು ಬಿಟ್ಟು ನೆಲದ ಮೇಲೆ ನಿಂತವರನ್ನು ಸುಮ್ಮನೆ ಬಿಡುತ್ತಾರೆಯೇ?

"ಏನಣ್ಣೇ, ಬೆಂಡ್ ನೋಡಿ ನೋಡಿ ತಲೆ ತಿರುಗಿಬಿಡ್ತಾ?" ಎಂದು ಒಬ್ಬ ಡ್ರೈವರ್ ನನ್ನೆದುರಿಗೇ ಕೇಳಿದ.

"ಹೂಂ ಕಣಪ್ಪ. ತಿರುಗೋದು ನಿಂತ ಮೇಲೆ ಬರ್ತೀನಿ. ನಿನ್ನ ಟೈಮಾಯ್ತು, ಗಾಡಿ ತೆಗಿ" ಎಂದರು ಅಣ್ಣ.

ಮಾತ್ರೆ ಹತ್ತಲು ಕೆಲವು ವಾರಗಳೇ ಹಿಡಿದವು. ನಡುವೆ ಬಾಯಿ ಒಣಗುವುದು, ಹಗಲಲ್ಲೂ ತೂಕಡಿಕೆ. ಬೆಳಕಿದ್ದಾಗ ದಿನವೂ ನಡೆಯಿರಿ, ಮಳೆಗಾಲದಲ್ಲಿ ಒಬ್ಬರೇ ಒಳಗೆ ಕೂರಬೇಡಿ ಎಂದೂ ಡಾಕ್ಟರ್ ಹೇಳಿದ್ದರು. ಅತ್ತಿಗೆಗೆ ಅಷ್ಟೇ ಸಾಕಿತ್ತು. "ನೋಡಿದ್ರಾ? ಡಾಕ್ಟ್ರೂ ನನ್ನ ಪಕ್ಷ!" ಹೀಗೆ ವಾದ ಮತ್ತೆ ಚಿಗುರಿತು. ಸಂಜೆ ಜಗಲಿಯಲ್ಲಿ ಟೀ ಕುಡಿಯುತ್ತಾ ಅತ್ತಿಗೆ ಮಂಜು ಎನ್ನುವುದು, ಅಣ್ಣ ಮಿದುಳು ಎನ್ನುವುದು. ತನ್ನ ಅಪ್ಪನೂ ಕೆಲವು ತಿಂಗಳು ಹೀಗೆಯೇ ಮಾತು ಬಿಟ್ಟು ಕೂರುತ್ತಿದ್ದ, ಅವನು ಊಟಿಯನ್ನು ಕಂಡವನೇ ಅಲ್ಲ ಎಂದು ಅಣ್ಣ ಒಮ್ಮೆ ಹೇಳಿದ್ದುಂಟು. ಆದರೆ ಮುಂದೆ ಅಣ್ಣನಿಗೆ ಅದು ಮರಳಿ ಬಂದದ್ದೆಲ್ಲ ಮಳೆಗಾಲದಲ್ಲೇ. ಯಾವುದು ಎಷ್ಟು ಎಂದು ನನಗೆ ಇವತ್ತಿಗೂ ತಿಳಿಯದು. ಎರಡೂ ಹೆಣೆದುಕೊಂಡಿರುತ್ತವೆ, ಪೂರ್ತಿ ನಮಗೂ ಗೊತ್ತಿಲ್ಲ ಎಂದು ಡಾಕ್ಟರೇ ಅಂದಿದ್ದರಂತೆ.

ಮುಂದಿನ ಬೇಸಿಗೆಯ ಹೊತ್ತಿಗೆ ಡಾಕ್ಟರ್ ಒಪ್ಪಿಗೆ ಕೊಟ್ಟರು. ಮೊದಲ ದಿನ ನಾನೂ ಬಸ್ಸಿನಲ್ಲಿದ್ದೆ. ಪ್ರತಿ ತಿರುವಿನಲ್ಲೂ ಉದ್ದಕ್ಕೆ ಹಾರ್ನ್. ಹಿಂದೆ ಕೂತ ಅಜ್ಜಿಯೊಬ್ಬರು ಕಿವಿ ಮುಚ್ಚಿಕೊಂಡು ಗೊಣಗಿದರು. ನಾನು ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ. ನಿವೃತ್ತಿಯವರೆಗೂ ಅವರು ಬಸ್ಸು ಓಡಿಸಿದರು. ಅದು ಮರಳಿ ಬಂದಾಗೆಲ್ಲ ತಾವೇ ಹೇಳಿ ಕೆಳಗಿಳಿದರು, ತಾವೇ ಮತ್ತೆ ಹತ್ತಿದರು.

ಕೊನೆಗೆ ಅವರನ್ನು ಕರೆದೊಯ್ದದ್ದು ಹೃದಯದ ಕಾಯಿಲೆ. ಮಾತಾಡಿಸಲು ಬಂದವರಲ್ಲಿ ಯಾರೋ, "ಪಾಪ, ಈ ಊರಿನ ಮಂಜೇ ಅವರನ್ನ ಒಳಗೊಳಗೇ ತಿಂದಿದ್ದು" ಎಂದರು. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು, "ಸುಮ್ನಿರಿ, ಮಂಜಿನ ಮಾತಾಡಬೇಡಿ. ಅದು ಕಾಯಿಲೆ. ಔಷಧಿ ತಗೊಂಡು, ಅಷ್ಟು ವರ್ಷ ಜನರನ್ನ ಕ್ಷೇಮವಾಗಿ ಇಳಿಸಿದ್ರು" ಎಂದರು.

ಮೊನ್ನೆ ಭಾನುವಾರ ಮಳೆ ಬಿಟ್ಟು ಬಿಸಿಲು ಬಂದಿತ್ತು. ಅತ್ತಿಗೆ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಬಿಸಿಲು ಬಂತು ನೋಡು. ಮೈಮನಸ್ಸೆಲ್ಲ ಹಗುರ ಆಗುತ್ತೆ" ಎಂದರು. ಆಮೇಲೆ ಅಣ್ಣ ಕೂರುತ್ತಿದ್ದ ಜಾಗದ ಕಡೆ ನೋಡಿದರು, ಯಾರೋ ಉತ್ತರ ಕೊಡಲಿ ಎಂದು ಕಾಯುವವರ ಹಾಗೆ.

"ಬಿಸಿಲಿಂದ ಏನಾಗುತ್ತೆ ಅತ್ತಿಗೆ? ಎಲ್ಲಾ ಮಿದುಳಿಂದು" ಎಂದೆ.

ಅವರು ನನ್ನನ್ನೇ ನೋಡಿದರು.

"ಬಿಡು, ನಿಂಗೆ ಅವರ ಹಾಗೆ ಬರಲ್ಲ" ಎಂದು ಹೇಳಿ ಟೀ ಇಡಲು ಒಳಗೆ ಹೋದರು.