ನಾನು ಬಿಟ್ಟುಬಿಟ್ಟ ವಾಕ್ಯ

ಶೈಲಾ, ನಿನ್ನ ಲೇಖನವನ್ನು ಇಂಗ್ಲಿಷಿಗೆ ಮಾಡಿ ಮಲೇಷ್ಯಾದವರ ಕೈಗೆ ಕೊಟ್ಟವಳು ನಾನು. ನೀನು ಇಷ್ಟು ವರ್ಷ ಅಂದುಕೊಂಡ ಹಾಗೆ ನಿಮ್ಮ ಪಕ್ಕದ ಬೀದಿಯ ಕುಂದಾಪುರದ ದಂಪತಿಯಲ್ಲ — ನಾನು, ಧಾರವಾಡದ ಹಾಸ್ಟೆಲ್ಲಿನಲ್ಲಿ ನಿನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಸುಮಾ. ಅದನ್ನು ನಾನು ಕೈ ತಪ್ಪಿ ಮಾಡಲಿಲ್ಲ, ಯಾರ ಮಾತು ಕೇಳಿಯೂ ಮಾಡಲಿಲ್ಲ. ನಿನಗೆ ಪೆಟ್ಟಾಗಲಿ ಎಂದೇ ಮಾಡಿದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಇದನ್ನು ಬರೆಯುವ ಈ ಹೊತ್ತಿನಲ್ಲೂ ನಿನ್ನ ಮೇಲೆ ನನಗೆ ಸಿಟ್ಟಿದೆ. ತಪ್ಪೊಪ್ಪಿಕೊಂಡರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ, ಆಗಿಲ್ಲ.

ನಿನಗೆ ಧೈರ್ಯ ಎಲ್ಲಿಂದ ಬರುತ್ತಿತ್ತೆಂದು ನನಗೆ ಗೊತ್ತಿತ್ತು. ನೀನು ಕ್ವಾಲಾಲಂಪುರದ ಹೊರವಲಯದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ, ಸಂಜೆ ಮನೆಗೆ ಬಂದು ಬ್ಲಾಗಿನಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೆ. ಶಾಲೆಯಲ್ಲಿ ಒಬ್ಬರಿಗೂ ಓದಲು ಬಾರದ ಲಿಪಿ. ಇಲ್ಲಿ ಲಂಡನ್ನಿನ ಟ್ಯೂಬ್ ರೈಲಿನಲ್ಲಿ ಎದುರಿಗೆ ಕೂತವರ ಅಂಗಿಯನ್ನು ನಾವು ಕನ್ನಡದಲ್ಲಿ ಆಡಿಕೊಳ್ಳುತ್ತೇವಲ್ಲ, ಹಾಗೆ ನೀನು ಒಂದಿಡೀ ದೇಶವನ್ನು ಆಡಿಕೊಂಡೆ.

ಅದೆಷ್ಟು ಚೆನ್ನಾಗಿ ಬರೆಯುತ್ತಿದ್ದೆ — ಹೊಟ್ಟೆ ಉರಿಯುವಷ್ಟು. ಅಲ್ಲಿ ಎಲ್ಲ ಜನಾಂಗದವರೂ ಒಂದೇ ಅಂಗಡಿಯಲ್ಲಿ ಚಹಾ ಕುಡಿಯುತ್ತಾರೆ, ಆದರೆ ಸರ್ಕಾರವನ್ನು ಬೈಯುವಾಗ ಅವರವರ ಮೇಜಿಗೆ ಹೋಗಿ ಬೈಯುತ್ತಾರೆ ಎಂದು ಬರೆದೆ. ಬಾಡಿಗೆ ಮನೆಯ ಜಾಹೀರಾತಿನಲ್ಲೇ ಇಂಥ ಜನಾಂಗದವರು ಬೇಡವೆಂದು ಹಾಕುವುದನ್ನು ಬರೆದೆ. ಪಕ್ಷ ಬದಲಿಸುವ ರಾಜಕಾರಣಿಗಳ ವಿಷಯದಲ್ಲಿ ಮಾತ್ರ ಅಲ್ಲಿ ತವರುಮನೆಯ ಹಾಗಿದೆ ಎಂದು ಗೇಲಿ ಮಾಡಿದೆ. ನಮ್ಮವರನ್ನೂ ಬಿಡಲಿಲ್ಲ ನೀನು. ಕಂಪನಿ ಕೊಟ್ಟ ಫ್ಲಾಟಿನಲ್ಲಿ ಕೂತು ಮನೆಗೆಲಸದ ಇಂಡೊನೇಷ್ಯಾದ ಹುಡುಗಿಯ ಪಾಸ್‌ಪೋರ್ಟನ್ನು ತಮ್ಮ ಬೀರುವಿನಲ್ಲಿ ಬೀಗ ಹಾಕಿಟ್ಟವರು, ತೋಟದ ಕೂಲಿಗೆ ಬಂದ ತಮಿಳರ ಮೊಮ್ಮಕ್ಕಳು ಎದುರಾದರೆ ತಾವು ಬೇರೆಯೇ ಭಾರತದವರು ಎಂಬಂತೆ ಮುಖ ತಿರುಗಿಸುವವರು — ಎಲ್ಲರಿಗೂ ನಿನ್ನಿಂದ ಬಿತ್ತು. ಓದಿ ನಾನು ನಗುತ್ತಿದ್ದೆ. ಬೇರೆಯವರಿಗೆ ಬೀಳುತ್ತಿತ್ತು, ನನಗೇನು?

ಆಮೇಲೆ ನೀನು ಬೇಸಿಗೆ ರಜೆಗೆ ಲಂಡನ್ನಿಗೆ ಬಂದೆ, ಕ್ವೀನ್ಸ್‌ಬರಿಯ ನಮ್ಮ ಮನೆಯಲ್ಲೇ ಉಳಿದೆ. ಮಹಡಿಯ ಇನ್ನೊಂದು ರೂಮನ್ನು ಬಾಡಿಗೆಗೆ ಕೊಡಲು ನಾವು ಜನ ಹುಡುಕುತ್ತಿದ್ದೆವು. ಫೋನಿನಲ್ಲಿ ಇಂಪಾಗಿ ಮಾತಾಡಿದ ಒಬ್ಬ ನರ್ಸನ್ನು ನಾನೇ ಬಾ ಎಂದು ಕರೆದಿದ್ದೆ. ಬಾಗಿಲು ತೆರೆದರೆ ಘಾನಾದ ಹೆಂಗಸು. ನಮ್ಮ ಹೊಸ್ತಿಲ ಬಳಿಯ ಚಪ್ಪಲಿಗಳನ್ನು ನೋಡಿ, ನಾನು ಹೇಳುವ ಮೊದಲೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದಳು. ನಾನು ನಕ್ಕು ಹೇಳಿದೆ — ಅಯ್ಯೋ, ರೂಮು ಈಗಷ್ಟೇ ಹೋಯಿತಲ್ಲ. ಅವಳೂ ನಕ್ಕಳು. ನಮ್ಮ ಮೆಟ್ಟಿಲ ಮೇಲೆಯೇ ಕೂತು ಮತ್ತೆ ಬೂಟು ಹಾಕಿಕೊಂಡಳು. ಅವಳ ಬೆನ್ನು ಕಾಣುತ್ತಿತ್ತು. ಮುಖ ನೋಡುವುದಕ್ಕೆ ನಾನು ಹೋಗಲಿಲ್ಲ.

ಅಡುಗೆಮನೆಯಿಂದ ನೀನು ಬಂದು ಕೇಳಿದೆ. "ರೂಮ್ ಕೊಟ್ಟಿ? ಯಾರಿಗ ಕೊಟ್ಟಿ?"

"ಅಡುಗೆಮನೆ ಹಂಚ್ಕೋಬೇಕಲ್ವೇನೇ, ನಮ್ಮವರೇ ಆದ್ರೆ ಸುಲಭ," ಎಂದೆ. ನೀನು ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ನನ್ನ ಕೈಯ ಬಿಸಿಬೇಳೆಭಾತ್ ಎರಡು ಸಲ ಹಾಕಿಸಿಕೊಂಡು ಉಂಡೆ, ವಿಮಾನ ಹತ್ತಿದೆ, ಕ್ವಾಲಾಲಂಪುರಕ್ಕೆ ಹೋಗಿ ಬರೆದೆ. ಮಲೇಷ್ಯಾದಲ್ಲಿ ಬೇಡವೆನ್ನುವುದನ್ನು ಜಾಹೀರಾತಿನಲ್ಲಿ ಹಾಕುತ್ತಾರೆ, ಲಂಡನ್ನಿನ ಕನ್ನಡದ ಮನೆಯಲ್ಲಿ ಅದನ್ನು ನಗುತ್ತಾ ಹೇಳುತ್ತಾರೆ. ಜಾಹೀರಾತಾದರೆ ಬಸ್ಸಿನ ಖರ್ಚಾದರೂ ಉಳಿಯುತ್ತದೆ — ಹೀಗೆ. ನನ್ನ ಹೆಸರು ಹಾಕಿರಲಿಲ್ಲ, ನಿಜ. ಆದರೆ ಆ ಬೇಸಿಗೆಯಲ್ಲಿ ನೀನು ಯಾರ ಮನೆಯಲ್ಲಿದ್ದೆ ಎಂಬುದು ಇಲ್ಲಿ ಯಾರಿಗೆ ಗೊತ್ತಿಲ್ಲ? ಇಲ್ಲಿನ ಕನ್ನಡದವರ ಯುಗಾದಿ ಊಟದಲ್ಲಿ ಒಬ್ಬಾಕೆ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ಕೇಳಿದಳು, "ನಿಮ್ಮನೇಲಿ ರೂಮ್ ಇನ್ನೂ ಖಾಲಿ ಇದೆಯಾ ಸುಮಾ?" ಸುತ್ತಲಿನವರು ನಕ್ಕರು. ಆ ನಕ್ಕವರಲ್ಲಿ ಯಾರ ಮನೆಯಲ್ಲಿ ಯಾರಿಗೆ ರೂಮು ಕೊಡುತ್ತಾರೆ ಎಂಬುದನ್ನು ನಾನೂ ಬಲ್ಲೆ! ಇಲ್ಲಿ ಟಿವಿ ಮುಂದೆ ಕೂತು ಬಿಳಿಯರ ಭೇದಭಾವದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಜನ ನಾವು. ಆದರೆ ಸಿಕ್ಕಿಬಿದ್ದವಳು ನಾನೊಬ್ಬಳೇ. ಹಿಡಿದುಕೊಟ್ಟವಳು ನೀನು.

ಆಗ ನಿನ್ನ ಹಳೆಯ ಲೇಖನಗಳನ್ನು ಮತ್ತೆ ಓದಿದೆ. ಈ ಸಲ ನಗಲಿಕ್ಕಲ್ಲ.

ಒಂದರಲ್ಲಿ ನಿನ್ನ ಶಾಲೆಯ ಮಲಯ ಗೆಳತಿಯ ಮಾತಿತ್ತು. ಅವಳ ಹೆಸರನ್ನು ನಾನಿಲ್ಲಿ ಹಾಕುವುದಿಲ್ಲ. ಅವಳು ನಿನ್ನ ಜೊತೆ ಊಟದ ಬುತ್ತಿ ಬಿಚ್ಚುತ್ತಿದ್ದವಳು, ನಿನಗಾಗಿ ಮೀನಿನ ವಾಸನೆ ತಾಗದ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿ ತರುತ್ತಿದ್ದವಳು. ಅವಳು ನಿನಗೆ ಹೇಳಿದ್ದಿಷ್ಟು: 'ಮಲಯರ ಮೀಸಲಾತಿಯಲ್ಲಿ ನನ್ನ ಮಗನಿಗೆ ಕಾಲೇಜಿನ ಸೀಟು ಸಿಕ್ಕಿತು. ಪಕ್ಕದ ಮನೆಯ ಭಾರತೀಯ ಹುಡುಗನಿಗೆ ಅವನಿಗಿಂತ ಹೆಚ್ಚು ಅಂಕ ಬಂದಿತ್ತು, ಅವನಿಗೆ ಸಿಗಲಿಲ್ಲ. ಆ ಹುಡುಗನ ತಾಯಿಯ ಮುಖವನ್ನು ನಾನು ನೋಡಲಾರೆ.'

ಅದನ್ನು ಇಂಗ್ಲಿಷಿಗೆ ಮಾಡಿದೆ. ನಾನು ರಿಸೆಪ್ಷನ್ ಕೆಲಸ ಮಾಡುವ ಡಾಕ್ಟರ ಕ್ಲಿನಿಕ್ಕಿನಲ್ಲಿ, ಊಟದ ಬಿಡುವಿನಲ್ಲಿ, ಸ್ಯಾಂಡ್‌ವಿಚ್ ತಿನ್ನುತ್ತಾ. ಕೊನೆಯ ವಾಕ್ಯವನ್ನು ಬಿಟ್ಟೆ. ಮುಖ ನೋಡಲಾರೆ ಎಂಬುದನ್ನು — ಬಿಟ್ಟುಬಿಟ್ಟೆ. ಅದೊಂದು ಹೋದರೆ ನಾಚಿಕೆಯ ಮಾತು ಜಂಬದ ಮಾತಾಗುತ್ತದೆಂದು ನನಗೆ ಚೆನ್ನಾಗಿ ತಿಳಿದಿತ್ತು. ಬೂಟು ಹಾಕಿಕೊಳ್ಳುತ್ತಿದ್ದವಳ ಮುಖ ನೋಡದೆ ನಿಂತಿದ್ದವಳಿಗೆ ಆ ವಾಕ್ಯದ ತೂಕ ತಿಳಿಯದೆ ಇರುತ್ತದೆಯೇ? ಸುಳ್ಳು ಹೆಸರಿನಲ್ಲಿ ನಿಮ್ಮ ಶಾಲೆಯ ಪೋಷಕರ ಫೇಸ್‌ಬುಕ್ ಗುಂಪಿಗೆ ಹಾಕಿದೆ. ಲೇಖಕಿಯ ಜಾಗದಲ್ಲಿ ನಿನ್ನ ಹೆಸರು. ಆಮೇಲೆ ಕೈ ತೊಳೆದುಕೊಂಡು ಬಂದು ಮುಂದಿನ ರೋಗಿಯನ್ನು ಕರೆದೆ.

ಶಾಲೆ ನಿನ್ನನ್ನು ಕೆಲಸದಲ್ಲಿ ಮುಂದುವರಿಸಲಿಲ್ಲ. ಆ ವರ್ಷ ಕಾಲೇಜು ಸೇರಿದ ಮಗನಿದ್ದ ಟೀಚರ್ ಯಾರೆಂದು ಎಲ್ಲರೂ ಸುಲಭವಾಗಿ ಗುರುತಿಸಿದರು. ಭಾರತೀಯ ತಾಯಂದಿರು ಅವಳಿಗೆ ಛೀಮಾರಿ ಹಾಕಿದರು, ಅವಳ ಕಡೆಯವರು ಮನೆಯ ಗುಟ್ಟು ಹೊರಗೆ ಹಾಕಿದವಳೆಂದು ಬೈದರು. ಅವಳು ನಿನ್ನ ಫೋನ್ ಎತ್ತಲಿಲ್ಲ. ನೀನು ಅವಳ ಮಾತನ್ನು ಬರೆದದ್ದಷ್ಟೇ ಅಲ್ಲ, ತಿರುಚಿ ಬರೆದೆ ಎಂದು ಅವಳು ನಂಬಿದಳು. ಅವಳಿಗೆ ಕನ್ನಡ ಬರುವುದಿಲ್ಲವಲ್ಲ, ನೀನು ಹೇಗೆ ತೋರಿಸುತ್ತಿದ್ದೆ?

ನೀನು ಅಳುತ್ತಾ ಫೋನ್ ಮಾಡಿದ್ದು ನನಗೆ. "ಸುಮಾ, ಇಲ್ಲೆ ಕನ್ನಡ ಓದ್ಲಿಕ್ಕೆ ಯಾರಿಗೆ ಬರ್ತದ? ಯಾರ ಮಾಡಿರಬೇಕ ಇದನ್ನ?"

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಟ್ಟೆ — ಆದರೆ ಅಂದದ್ದು ಬೇರೆ. "ಇನ್ಯಾರು ಮಾಡ್ತಾರೆ ಶೈಲಾ? ನಿಮ್ಮ ಪಕ್ಕದ ಬೀದಿಯ ಕುಂದಾಪುರದವರೇ ಇರ್ಬೇಕು."

ನೀನು ನಂಬಿದೆ. ನಿನಗೆ ಡೆಂಗಿ ಬಂದಾಗ ದಿನವೂ ಗಂಜಿ ಮಾಡಿ ತಂದ ಆ ಕುಂದಾಪುರದಾಕೆಯ ಮುಖಕ್ಕೆ ಬಾಗಿಲು ಹಾಕಿದೆ. ಏಕೆಂದು ಅವರಿಗೆ ಇಂದಿಗೂ ಗೊತ್ತಿಲ್ಲ. ಮತ್ತೆ ನೀನು ಬರೆಯಲೂ ಇಲ್ಲ. ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾ, ಹವಾಮಾನ, ಮಾವಿನಕಾಯಿ, ಮಗಳ ಕೂದಲು — ಇಷ್ಟನ್ನೇ ನನ್ನ ಹತ್ತಿರ ಮಾತಾಡುವವಳಾದೆ. ಎಂಥ ನಾಲಿಗೆಯಿದ್ದವಳು! ಮೊದಮೊದಲು ನನಗೆ ಗೆದ್ದ ಹಾಗಿತ್ತು. ಆಮೇಲೆ ನಿನ್ನ ಫೋನ್ ಬಂದರೆ ಎತ್ತಲು ಹೆದರತೊಡಗಿದೆ, ಆದರೂ ಹೇಳಲಿಲ್ಲ. ಇಷ್ಟು ವರ್ಷ ಹೇಳಲಿಲ್ಲ. ಬಾಯಿ ತೆರೆದರೆ ನೀನು ಹೋಗುತ್ತೀ ಎಂಬ ಭಯ — ಹಾಳು ಮಾಡಿದವಳೇ ನಾನು, ಕಳೆದುಕೊಳ್ಳುವ ಭಯವೂ ನನಗೇ.

ಮೊನ್ನೆ ನಿನ್ನ ಧ್ವನಿ ಸಂದೇಶ ಬಂತು. "ಮತ್ತ ಬರೀಲಿಕ್ಕೆ ಕೂತೀನಿ ನೋಡು. ಆದ್ರ ಮೊದಲ ನೀ ಓದು. ಯಾರಿಗೂ ತ್ರಾಸ ಆಗೂದಿಲ್ಲ ಅಂತ ನೀ ಹೇಳಿದ್ರ ಅಷ್ಟ ಹಾಕ್ತೀನಿ. ನಿನ್ನ ಬಿಟ್ರ ನಾ ಯಾರನ್ನ ನಂಬ್ಲಿ?"

ಬಸ್‌ಸ್ಟಾಪಿನಲ್ಲಿ ನಿಂತು ಅದನ್ನು ಕೇಳಿದೆ. ಬಸ್ ಬಂತು, ಹತ್ತಲಾಗಲಿಲ್ಲ.

ನಿನ್ನ ಆ ಗೆಳತಿಗೆ ನಿನ್ನೆ ಇಂಗ್ಲಿಷಿನಲ್ಲಿ ಬರೆದಿದ್ದೇನೆ. ಬಿಟ್ಟ ವಾಕ್ಯವನ್ನು ಅದರ ಜಾಗದಲ್ಲಿ ಇಟ್ಟು, ಇದು ಶೈಲಾ ಬರೆದದ್ದು, ಕತ್ತರಿಸಿದವಳು ನಾನು ಎಂದು ನನ್ನ ಪೂರ್ತಿ ಹೆಸರು ಹಾಕಿ ಕಳಿಸಿದ್ದೇನೆ. ಅವಳು ಓದಿದ್ದಾಳೆ ಎಂದು ಫೋನ್ ತೋರಿಸುತ್ತಿದೆ. ಕುಂದಾಪುರದವರಿಗೂ ಫೋನ್ ಮಾಡಿ ಹೇಳಿದೆ. ಆಕೆ ಕೊನೆಯವರೆಗೂ ಕೇಳಿ, "ಶೈಲಕ್ಕನಿಗೆ ಹೇಳಿದ್ರಾ?" ಎಂದಷ್ಟೇ ಕೇಳಿದಳು. ಈಗ ಹೇಳಿದ್ದೇನೆ. ಆ ನರ್ಸಿನ ಹೆಸರನ್ನು ಅಂದು ನಾನು ಸರಿಯಾಗಿ ಕೇಳಿಕೊಂಡಿರಲೂ ಇಲ್ಲ. ಅವಳಿಗೆ ಹೇಳುವ ದಾರಿ ನನಗಿಲ್ಲ.

ನೀನು ಕಳಿಸಿದ ಹೊಸ ಲೇಖನವನ್ನು ತೆರೆಯದೆ ಅಳಿಸಿದ್ದೇನೆ. ಮಲೇಷ್ಯಾದ ಬಗ್ಗೆ ಬರೆ, ಲಂಡನ್ನಿನ ಬಗ್ಗೆ ಬರೆ, ಈ ಸಲ ನನ್ನ ಹೆಸರು ಹಾಕಿಯೇ ಬರೆ. ನನಗೆ ಮಾತ್ರ ತೋರಿಸಬೇಡ, ಶೈಲಾ.