ಶನಿವಾರದ ಸಾಶಿಮಿ

ನಾನು ಶನಿವಾರ ರಾತ್ರಿ ಅನ್ನ ಉಣ್ಣುವುದಿಲ್ಲ. ಮೀನು ತಿನ್ನುತ್ತೇನೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ನೀವು ನಗುತ್ತೀರಿ ಎಂದು ಗೊತ್ತಿದ್ದೇ, ಇಷ್ಟು ವರ್ಷ ಒಂದನ್ನು ಒಬ್ಬರ ಮುಂದೆ, ಇನ್ನೊಂದನ್ನು ಇನ್ನೊಬ್ಬರ ಮುಂದೆ ಹೇಳಿಕೊಂಡು ಬಂದೆ.

ಅನ್ನ ಬಿಟ್ಟದ್ದು ಅಮ್ಮನಿಗಾಗಿ. ಚಿಕ್ಕಂದಿನಲ್ಲಿ ನನಗೆ ಜ್ವರ ವಿಷಮಿಸಿದಾಗ ಅವಳು ತಿಮ್ಮಪ್ಪನಿಗೆ ಹರಕೆ ಹೊತ್ತಳು: ಮಗ ಉಳಿದರೆ ಅವನದು ಶನಿವಾರ ಒಪ್ಪತ್ತು, ರಾತ್ರಿ ಫಲಾಹಾರ. ಉಳಿದೆ. ಫಲಾಹಾರವೆಂದರೆ ಹಣ್ಣೆಂದು ತಿಳಿಯಬೇಡಿ. ಅಕ್ಕಿಯನ್ನು ಬೇಯಿಸಿ ಉಂಡರೆ ವ್ರತಭಂಗ. ಅದನ್ನೇ ರುಬ್ಬಿ ದೋಸೆ ಹುಯ್ದರೆ ಎಂಟು ತಿಂದರೂ ವ್ರತಕ್ಕೆ ಕುಂದಿಲ್ಲ. ನಮ್ಮ ಭಕ್ತಿ ಬಹಳ ಸೂಕ್ಷ್ಮವಾದದ್ದು. ಮೀನು ಶುರುವಾದದ್ದು ಇಂಗ್ಲೆಂಡಿನ ಬೀಸ್ಟನ್ನಿಗೆ ಬಂದ ಮೇಲೆ, ಆಫೀಸಿನವರ ಜೊತೆ. ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮನಿಗೆ ಅದು ಗೊತ್ತಾದರೆ ಅವಳ ಎದೆ ಒಡೆಯುತ್ತದೆ ಎಂಬುದು ನನ್ನ ಇಪ್ಪತ್ತು ವರ್ಷದ ಭಯ.

ಹೋದ ತಿಂಗಳು, ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್‌ನಲ್ಲಿದ್ದುಕೊಂಡು ಓದುತ್ತಿರುವ ಮಗಳು ಅನಘಾ ತನ್ನ ಹುಟ್ಟುಹಬ್ಬಕ್ಕೆ ನನ್ನನ್ನು ಅಲ್ಲಿನ ಜಪಾನಿ ಹೋಟೆಲಿಗೆ ಕರೆದಳು. ಹಾಳಾದ್ದು, ಶನಿವಾರ. ಬೆಳಿಗ್ಗೆ ಆ ಊರಿನ ಹತ್ತಿರವೇ ಇರುವ ಟಿವಿಡೇಲಿನ ದೇವಸ್ಥಾನದಲ್ಲಿ ಬಾಲಾಜಿಗೆ ಕೈಮುಗಿದು, ಸಂಜೆ ಮೆನು ಹಿಡಿದು ಕೂತೆ.

“ಸುಶಿ ಅಂದ್ರೆ ಹಸಿ ಮೀನಲ್ವಾ? ಅದೇ ಹೇಳು,” ಎಂದೆ, ಲೋಕ ಕಂಡವನ ಗತ್ತಿನಲ್ಲಿ.

“ನೋ ಅಪ್ಪಾ. ಸುಶಿ ಈಸ್ ದ ರೈಸ್!”

ವಿನಿಗರ್ ಬೆರೆಸಿದ ಅನ್ನವೇ ಸುಶಿಯಂತೆ. ಮೇಲೆ ಮೀನಿದ್ದರೂ ಸುಶಿ, ಒಳಗೆ ಬರೀ ಸೌತೆಕಾಯಿ ಇದ್ದರೂ ಸುಶಿ. ಅನ್ನವೇ ಇಲ್ಲದೆ ಹಸಿ ಮೀನನ್ನಷ್ಟೇ ಹೆಚ್ಚಿಟ್ಟರೆ ಅದು ಸಾಶಿಮಿ. ಮೀನು ಮುಟ್ಟದ ನಮ್ಮ ಕಡೆಯ ಬೇರೆ ಯಾರೇ ಆಗಿದ್ದರೂ ಸೌತೆಕಾಯಿಯ ಸುದ್ದಿ ಕೇಳಿ ನೆಮ್ಮದಿಯ ನಿಟ್ಟುಸಿರು ಬಿಡುತ್ತಿದ್ದರು. ನನಗೆ ಮಾತ್ರ ಕಂಡದ್ದು ಆ ಸೌತೆಕಾಯಿಯ ಸುತ್ತಲಿನ ಅನ್ನ.

“ಶನಿವಾರ ಕಣೇ. ಅನ್ನ ಮುಟ್ಟೋ ಹಾಗಿಲ್ಲ. ಸಾಶಿಮಿನೇ ಇರಲಿ.”

ಮಗಳು ಸಾಶಿಮಿ ತರಿಸಿದಳು. ನಾನು ಒಂಬತ್ತು ತುಂಡು ಹಸಿ ಮೀನು ತಿಂದು, ವ್ರತ ಕೆಡದ ತೃಪ್ತಿಯಲ್ಲಿ ಎದ್ದೆ.

ಅನಘಾ ಅಂದೇ ನನ್ನ ಜೊತೆ ಬೀಸ್ಟನ್ನಿಗೆ ಬಂದಳು. ಭಾನುವಾರ ಬೆಳಿಗ್ಗೆ ಎಂದಿನಂತೆ ಅಮ್ಮನ ಫೋನು. ಮಗಳಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ.

“ನಿನ್ನೆ ಫಲಾಹಾರಕ್ಕೆ ಏನ್ ಮಾಡ್ಕೊಂಡ್ಯೋ?”

“ಅನ್ನ ಮುಟ್ಟಲಿಲ್ಲಮ್ಮ,” ಎಂದೆ. ಸುಳ್ಳಲ್ಲವಲ್ಲ.

ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು, ನನ್ನ ನಿಷ್ಠೆಗೆ ಸಾಕ್ಷಿ ಹೇಳಲೆಂದು ಅವತ್ತೇ ಕನ್ನಡಕ್ಕಿಳಿದಳು. “ಹೌದು ಅಜ್ಜಿ, ಅಪ್ಪ ಬರೀ ಮೀನು ತಿಂದ್ರು. ರೈಸ್ ಇಲ್ಲ.”

ನಾನು ಸ್ಪೀಕರ್ ಆರಿಸಲು ಕೈ ಚಾಚಿದೆ. ತಡವಾಗಿತ್ತು.

“ಬರೀ ಮೀನಾ?” ಅಂದಳು ಅಮ್ಮ. “ಅದರಲ್ಲಿ ಹೊಟ್ಟೆ ತುಂಬತ್ತೇನೋ? ಎರಡು ತುತ್ತು ಅನ್ನನಾದ್ರೂ ಉಣ್ಣಬಾರದಿತ್ತಾ?”

ನಾಚಿಕೆಯಾಯಿತು, ಮೀನು ತಿಂದದ್ದಕ್ಕಲ್ಲ. ಅವಳು ಹರಕೆ ಹೊತ್ತದ್ದು ನಾನು ಉಳಿಯಲಿ ಎಂದು. ನಾನು ಇಷ್ಟು ವರ್ಷ ಜೋಪಾನವಾಗಿ ಉಳಿಸಿಕೊಂಡು ಬಂದದ್ದು ಅವಳ ನಿಯಮವನ್ನು ಮಾತ್ರ. ಫೋನಿಟ್ಟು ಒಳಗೆ ಹೋಗಿ ಅನ್ನಕ್ಕಿಟ್ಟೆ.